ಊಟದ ಗಾಡಿಯ ಥ್ರಾಟಲ್

ನೋಲೀನ್ ಹ್ಯಾಡ್ಲೋಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯವಳೆಂದು ವಹಿಸಿಕೊಂಡು ಬರೆದ ಎಂಬ ಮಾತು ಆಮೇಲೆ ಬೇಡ. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದು ತಗಡಿನ ಬೇಲಿ. ಅದರ ಮೇಲಿಂದ ಇಪ್ಪತ್ತಾರು ವರ್ಷ ಜಗಳವಾಡಿದ್ದೇವೆ. ನನ್ನ ನಿಂಬೆಗಿಡದ ಎಲೆ ಅವಳ ಅಂಗಳಕ್ಕೆ ಬಿದ್ದರೆ ಗುಡಿಸಿ, ಪೊಟ್ಟಣ ಕಟ್ಟಿ, ನನ್ನ ಅಂಚೆ ಪೆಟ್ಟಿಗೆಗೆ ತುರುಕುತ್ತಿದ್ದ ಹೆಂಗಸು ಅವಳು. ಬಂಡಾರೂಕ್ ಊರಿನಲ್ಲಿ ಅವಳ ಬಾಯಿಗೆ ಸಿಕ್ಕದವರಿಲ್ಲ. ಪ್ರಾರ್ಥನೆ ಉದ್ದವಾಯಿತೆಂದು ಪಾದ್ರಿಗೇ ಮುಖಕ್ಕೆ ಹೊಡೆದ ಹಾಗೆ ಹೇಳಿದವಳು.

ಅವಳ ತಾಯಿ ಕುರಿ ಉಣ್ಣೆ ಕತ್ತರಿಸುವವರ ಬಿಡಾರಗಳಲ್ಲಿ ಅಡುಗೆಯವಳು. ಗಂಡ ಡೆಸ್, ಅದೇ ಬಿಡಾರಗಳಲ್ಲಿ ಉಣ್ಣೆ ಕತ್ತರಿಸುವ ಕೈಯಂತ್ರಗಳಿಗೆ ಸಾಣೆ ಹಿಡಿದು ರಿಪೇರಿ ಮಾಡುವವನು. ಐವತ್ತು ತುಂಬುವ ಮೊದಲೇ ಡೆಸ್ ತೀರಿಕೊಂಡ. ಕೆಲಸದ ಹಂಗಾಮು ಅರ್ಧದಲ್ಲಿತ್ತು, ಗುತ್ತಿಗೆದಾರನಿಗೆ ಬೇರೆ ಜನ ಸಿಕ್ಕಲಿಲ್ಲ, ನೋಲೀನಳನ್ನೇ ಕರೆದ. ಅವಳು ಇಪ್ಪತ್ತೆರಡು ವರ್ಷ ಆ ಸಾಣೆಕಲ್ಲಿನ ಮುಂದೆ ನಿಂತಳು. ಯಂತ್ರ ಸರಿಯಿಲ್ಲವೆಂದು ಬಂದ ಗಂಡಸರಿಗೆಲ್ಲ ಮೊದಲು ಬೈಗುಳ, ಆಮೇಲೆ ರಿಪೇರಿ. ಹಂಗಾಮಿಗೊಮ್ಮೆ ಹೋಗಿ ಬರುವ ಆ ಕೆಲಸವನ್ನು ಅರವತ್ತಕ್ಕೆ ಬಿಟ್ಟು, ಕೈ ಸುಮ್ಮನಿರಲಾರದೆ ಊಟದ ಗಾಡಿ ಓಡಿಸಲು ಹಿಡಿದಳು. ಅಡುಗೆ ಮಾಡಿಕೊಳ್ಳಲಾಗದ ಮುದುಕರಿಗೆ ಆಸ್ಪತ್ರೆಯ ಅಡುಗೆಮನೆಯಿಂದ ಬಿಸಿ ಊಟ ಮುಟ್ಟಿಸುವ ಪುಕ್ಕಟೆ ಕೆಲಸ. ಮಂಗಳವಾರ, ಶುಕ್ರವಾರ, ಹತ್ತೊಂಬತ್ತು ಮನೆ. ಹನ್ನೆರಡು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ.

ಆ ಗಾಡಿ ಇಪ್ಪತ್ತು ವರ್ಷ ಹಳೆಯ ಬಿಳಿ ವ್ಯಾಗನ್. ನಿಂತಲ್ಲಿ ನಡುಗುವುದು, ತಾನಾಗಿ ಆರಿಹೋಗುವುದು ಶುರುವಾದಾಗ ನಮ್ಮ ಗಂಡಸರ ಶೆಡ್‌ಗೆ ಬಂತು. ಹಳೆಯ ಉಣ್ಣೆ ಗೋದಾಮಿನಲ್ಲಿ ನಿವೃತ್ತರಾದ ನಾವು ಹತ್ತು ಹನ್ನೆರಡು ಜನ ಸೇರಿ ಕುರ್ಚಿ ಮೇಜು ರಿಪೇರಿ ಮಾಡುತ್ತ, ಅದಕ್ಕಿಂತ ಹೆಚ್ಚಾಗಿ ಚಹಾ ಕುಡಿಯುತ್ತ ಕೂರುವ ಜಾಗ ಅದು. ನಾನು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು; ಶೆಡ್‌ನಲ್ಲಿ ನನ್ನ ಕೆಲಸ ಚಹಾ ಕಾಯಿಸುವುದು. ಯಜಮಾನಿಕೆ ಕ್ಲ್ಯಾರಿ ಪಾಸ್ಕೋನದು. ನಲವತ್ತು ವರ್ಷ ಗ್ಯಾರೇಜು ನಡೆಸಿದವನು, ಎಪ್ಪತ್ತೆಂಟು ವಯಸ್ಸು, ದೊಡ್ಡ ಹೆಗಲು, ಅದಕ್ಕಿಂತ ದೊಡ್ಡ ಗಂಟಲು. ಅವನು ಒಂದು ಮಾತು ಹೇಳಿದರೆ ಶೆಡ್‌ನಲ್ಲಿ ಅದಕ್ಕೆ ಎದುರಿರಲಿಲ್ಲ.

ಕ್ಲ್ಯಾರಿ ನೋಡಿ, ಥ್ರಾಟಲ್ ಬಾಡಿ ಸವೆದಿದೆ ಎಂದ. ಎಂಜಿನ್ನಿಗೆ ಗಾಳಿ ಹೋಗುವ ಈ ಕೊಳವೆಯಲ್ಲಿ ಒಂದು ದುಂಡು ಬಿಲ್ಲೆ ಇರುತ್ತದೆ. ಪೆಡಲ್ ತುಳಿದರೆ ಅದು ತೆರೆದುಕೊಳ್ಳುತ್ತದೆ, ಕಾಲೆತ್ತಿದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಬಿಲ್ಲೆ ಕೂತಿರುವುದು ಒಂದು ಸರಳಿನ ಮೇಲೆ. ಸರಳು ತಿರುಗುವುದು ಎಡಬಲದ ಎರಡು ಬುಷ್‌ಗಳಲ್ಲಿ, ಅಂದರೆ ಲೋಹದ ಬಳೆಗಳಲ್ಲಿ. ಕ್ಲ್ಯಾರಿ ಸರಳು, ಬುಷ್, ಸ್ಪ್ರಿಂಗ್ ಎಲ್ಲ ಹೊಸದು ಹಾಕಿ ಕಟ್ಟಿದ. ಎಂಜಿನ್ ಹೂವೆತ್ತಿದ ಹಾಗೆ ಓಡಿತು. ಎಲ್ಲರೂ ಅವನ ಬೆನ್ನು ತಟ್ಟಿದೆವು.

ರಿಪೇರಿಯಾದ ಮೇಲಿನ ಮೊದಲ ಸುತ್ತು, ಶುಕ್ರವಾರ ಮಧ್ಯಾಹ್ನ, ಹದಿನಾಲ್ಕನೆಯ ಮನೆಗೆ ಊಟ ಕೊಟ್ಟು ಬರುವಾಗ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ತಿರುವಿನಲ್ಲಿ ನೋಲೀನ್ ಕಾಲೆತ್ತಿದಳು, ಎಂಜಿನ್ ಇಳಿಯಲಿಲ್ಲ. ಗಾಡಿ ಕೂಗುತ್ತ ಬೇಲಿಗಿಡ ಮುರಿದು ನುಗ್ಗಿ, ಚಪ್ಪಲಿ ಕಾಲಿನಲ್ಲಿ ಕೂಡ ಯಾರೂ ತುಳಿಯದ ಆ ಹುಲ್ಲಂಗಳದ ಮೇಲೆ ಎರಡು ಸಾಲು ಉತ್ತು, ಅಂಕದ ಹಲಗೆಗೆ ಮೂರು ಗೇಣು ಇರುವಾಗ ನಿಂತಿತು. ಅವಳು ಬ್ರೇಕ್ ತುಳಿದು, ಗೇರ್ ತಪ್ಪಿಸಿ, ಕೀಲಿ ತಿರುಗಿಸಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ಐದು ಊಟ ಚೆಲ್ಲಿತು. ಆದರೆ ಎಂಟು ದಿನಕ್ಕೆ ಅದೇ ಹುಲ್ಲಿನ ಮೇಲೆ ಜಿಲ್ಲಾ ಫೈನಲ್ ಇತ್ತು. ಒಂದಿಬ್ಬರು ಸತ್ತಿದ್ದರೂ ಊರು ಅಷ್ಟು ಕೆರಳುತ್ತಿರಲಿಲ್ಲವೇನೋ.

ಅಂದು ಮಧ್ಯಾಹ್ನವೇ ಕ್ಲ್ಯಾರಿ ಥ್ರಾಟಲ್ ಬಾಡಿ ಬಿಚ್ಚಿ ಶೆಡ್‌ನ ಬೆಂಚಿನ ಮೇಲಿಟ್ಟ. ಬಿಲ್ಲೆಯನ್ನು ತೆರೆದು ಬಿಟ್ಟ. ಟಕ್ಕೆಂದು ಮುಚ್ಚಿತು. ಮತ್ತೆ ತೆರೆದ, ಮತ್ತೆ ಟಕ್.

"ನೋಡ್ಕೊಳ್ರಪ್ಪಾ. ಇದ್ರಲ್ಲಿ ಏನು ದೋಷ ಇದೆ ಹೇಳಿ? ದೋಷ ಇರೋದು ಅವಳ ಕಾಲಲ್ಲಿ. ಬ್ರೇಕ್ ಅಂದ್ಕೊಂಡು ಇನ್ನೊಂದನ್ನ ತುಳಿದಿದಾಳೆ. ಎಪ್ಪತ್ತೆರಡು ಆಯ್ತಲ್ಲ, ಆಗುತ್ತೆ."

ಅಲ್ಲೇ ಕಾಗದ ಬರೆದ. ಗಾಡಿಯಲ್ಲಿ ಯಾವ ದೋಷವೂ ಇಲ್ಲ, ಓಡಿಸಿದವರ ಸಾಮರ್ಥ್ಯ ಪರೀಕ್ಷಿಸಬೇಕು ಎಂದು. ಐದು ಜನ ಸಹಿ ಹಾಕಿದೆವು. ಮೂರನೆಯದು ನನ್ನದು. ನಿಂಬೆ ಎಲೆಯ ಪೊಟ್ಟಣಗಳು ಕಣ್ಣ ಮುಂದೆ ಬಂದವು. ಸಂತೋಷವಾಗಿಯೇ ಹಾಕಿದೆ, ಸುಳ್ಳೇಕೆ ಹೇಳಲಿ.

ಪೊಲೀಸ್ ಸಾರ್ಜೆಂಟ್ ಬೋರ್ಗ್ ಆ ಕಾಗದ ನೋಡಿ, ಅವಳ ಲೈಸೆನ್ಸ್ ರದ್ದು ಮಾಡಬೇಕೆಂಬ ಶಿಫಾರಸು ತುಂಬಿಟ್ಟ. ಮುಂದಿನ ಶುಕ್ರವಾರದ ಟಪಾಲಿಗೆ ಅದು ಹೋಗುವುದಿತ್ತು. ಬಂಡಾರೂಕ್‌ನಲ್ಲಿ ಲೈಸೆನ್ಸ್ ಹೋಯಿತೆಂದರೆ ಕಾಲು ಕತ್ತರಿಸಿದ ಹಾಗೆ. ಊರಿನ ಆಸ್ಪತ್ರೆಯಲ್ಲಿರುವುದು ನರ್ಸುಗಳು ಮಾತ್ರ, ಡಾಕ್ಟರು ಎಪ್ಪತ್ತು ಕಿಲೋಮೀಟರು, ಬಸ್ಸು ಇಲ್ಲ. ಲೈಸೆನ್ಸ್ ಕಳೆದುಕೊಂಡ ಒಂಟಿ ಮುದುಕಿಯರು ವರ್ಷದೊಳಗೆ ಮನೆ ಮಾರಿ ಪೇಟೆಯ ವೃದ್ಧಾಶ್ರಮ ಸೇರಿದ್ದನ್ನು ನಾವೆಲ್ಲ ನೋಡಿದ್ದೆವು.

ಸೋಮವಾರ ಹತ್ತು ಗಂಟೆಯ ಚಹಾ ಹೊತ್ತಿಗೆ ಅವಳು ಶೆಡ್‌ನೊಳಗೆ ನುಗ್ಗಿದಳು. ಹೆಂಗಸರು ಅಲ್ಲಿಗೆ ಬರುವ ರೂಢಿಯಿಲ್ಲ. ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಏನೋ ಕ್ಲ್ಯಾರಿ, ನನ್ನ ಕಾಲಿನ ಮೇಲೆ ಕಾಗದ ಬರೆದಿದೀಯಂತೆ?"

"ಬರೆದೆ. ನಾನೊಬ್ನೇ ಅಲ್ಲ, ಐದು ಜನ."

ಅವಳು ನನ್ನತ್ತ ತಿರುಗಿದಳು. "ನೆವ್, ನೀನೂನಾ?"

ನಾನು ಕೆಟಲ್‌ಗೆ ನೀರು ತುಂಬಿಸತೊಡಗಿದೆ.

"ಎಲ್ಲಿ ಅದು? ತೋರ್ಸು."

"ಬೆಂಚ್ ಮೇಲಿದೆಯಲ್ಲ, ಕಣ್ಣೂ ಕಾಣ್ಸಲ್ವಾ? ಅದನ್ನೂ ಕಾಗದದಲ್ಲಿ ಸೇರಿಸ್ಲಾ?"

ಗಂಡಸರು ಕಿಸಕ್ಕೆಂದು ನಕ್ಕರು. ಅವಳು ಲೆಕ್ಕಿಸಲಿಲ್ಲ. ಬಿಲ್ಲೆಯನ್ನು ಮೂವತ್ತು ನಲವತ್ತು ಸಲ ತೆರೆದು ಬಿಟ್ಟಳು. ಪ್ರತಿ ಸಲವೂ ಟಕ್. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಿಲ್ಲೆ ಒಂದು ಕಡೆಗೆ ವಾಲಿ ಕೂತಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಸುತ್ತಲೂ ಕೂದಲೆಳೆಯಷ್ಟು ಬೆಳಕು, ಎಲ್ಲ ಕಡೆ ಒಂದೇ ಸಮ. ತಿರುಪುಗಳು ಬಿಗಿ. ಸ್ಪ್ರಿಂಗ್ ಗಟ್ಟಿ. ಹೊರಗೆ ನಿಂತಿದ್ದ ವ್ಯಾಗನ್ನಿನ ಕೆಳಗೆ ಆ ವಯಸ್ಸಿನಲ್ಲಿ ಅಂಗಾತ ಮಲಗಿ ಪೆಡಲ್‌ನಿಂದ ಬರುವ ಕೇಬಲ್ ಎಳೆದು ನೋಡಿದಳು. ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಕಾಲಡಿಯ ರಬ್ಬರ್ ಹಾಸು ಪೆಡಲ್‌ಗೆ ತಾಗುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಅವಳಿಗೆ ಹೇಳಲು ಏನೂ ಸಿಕ್ಕಲಿಲ್ಲ.

"ಏನಮ್ಮಾ ತಾಯಿ, ಸಮಾಧಾನ ಆಯ್ತಾ?" ಎಂದ ಕ್ಲ್ಯಾರಿ.

ನೋಲೀನ್ ಕೈ ಒರೆಸಿಕೊಂಡಳು. "ಬೆಂಚ್ ಮೇಲೆ ಸರಿಯಾಗೇ ಇದೆ. ಆದ್ರೆ ನಾನು ಊಟ ಹಂಚೋದು ಬೆಂಚ್ ಮೇಲೆ ಕೂತ್ಕೊಂಡಲ್ಲ. ಗಾಡಿಗೆ ಹಾಕು. ಆವತ್ತು ಹೇಗೆ ಹಾಕಿದ್ಯೋ ಹಾಗೇ ಹಾಕು."

"ನಿನ್ನ ಮಾತಿಗೆಲ್ಲ ಕುಣಿಯೋಕೆ ನಾನೇನು ಡೆಸ್ಸಾ?"

ಸತ್ತ ಗಂಡನ ಹೆಸರೆತ್ತಬಾರದಿತ್ತು. ಅವಳು ಥಟ್ಟನೆ ಹೊರಟು ನೇರವಾಗಿ ಪೊಲೀಸ್ ಠಾಣೆಗೆ ನಡೆದಳು. ಅಲ್ಲಿ ಏನು ಗಂಟಲು ಹರಿದುಕೊಂಡಳೋ, ಬುಧವಾರ ಬೆಳಿಗ್ಗೆ ಸಾರ್ಜೆಂಟ್ ಬೋರ್ಗ್ ಅವಳ ಹಿಂದೆಯೇ ಶೆಡ್‌ಗೆ ಬಂದ. ಮೂವತ್ತೈದರ ಮನುಷ್ಯ, ಈ ಮುದುಕರ ಜಗಳದಿಂದ ಆಗಲೇ ಸುಸ್ತಾಗಿದ್ದ.

"ಮಿಸ್ಟರ್ ಪಾಸ್ಕೋ, ಒಂದು ಸಲ ಹಾಕಿ ತೋರಿಸ್ಬಿಡಿ. ಇವತ್ತಿಗೆ ಮುಗೀಲಿ."

ಕ್ಲ್ಯಾರಿ ಗೊಣಗುತ್ತಲೇ ಹಾಕಿದ. ಥ್ರಾಟಲ್ ಬಾಡಿ ಎಂಜಿನ್ನಿಗೆ ಕೂರುವಲ್ಲಿ ನಡುವೆ ಗಾಳಿ ಸೋರದಂತೆ ಗ್ಯಾಸ್ಕೆಟ್ ಬೇಕು. ಅಂಗಡಿಯದನ್ನು ತರಿಸುವುದು ಅವನ ಪ್ರಕಾರ ಪೇಟೆಯವರ ಚಾಳಿ. ಅವನು ನಾಷ್ಟಾದ ಧಾನ್ಯ ಬರುವ ರಟ್ಟಿನ ಪೆಟ್ಟಿಗೆಯನ್ನೇ ಕತ್ತರಿಸಿ ಗ್ಯಾಸ್ಕೆಟ್ ಮಾಡುವವನು, ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳೆಲ್ಲ ಹಾಗೆಯೇ, ಅದು ಅವರ ಹೆಮ್ಮೆ. ರಟ್ಟು ಇಟ್ಟ, ಬಾಡಿ ಕೂರಿಸಿದ, ನಾಲ್ಕು ನಟ್ಟು ಬಿಗಿದ. ಎಷ್ಟು ಬಿಗಿಯಾಯಿತೆಂದು ಮುಳ್ಳು ತೋರಿಸುವ ಸ್ಪ್ಯಾನರ್ ಗೋಡೆಯ ಮೇಲೇ ತೂಗುತ್ತಿತ್ತು. ಅವನು ಅದರತ್ತ ನೋಡಲೂ ಇಲ್ಲ.

ನೋಲೀನ್ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದಳು. ಪೆಡಲ್ ತುಳಿದಳು, ಬಿಟ್ಟಳು. ಎಂಜಿನ್ ಏರಿತು, ಇಳಿಯಿತು.

"ಮುಗೀತಲ್ಲ? ಸಾರ್ಜೆಂಟ್, ಚಹಾ ಕುಡೀತೀರಾ?" ಎಂದ ಕ್ಲ್ಯಾರಿ.

"ಮುಗಿದಿಲ್ಲ. ಓಡ್ಲಿ, ಕಾಯಲಿ. ಹದಿನಾಲ್ಕು ಮನೆಯಷ್ಟು ಕಾಯಬೇಕು. ಕುರಿ ಕತ್ತರಿಸೋ ಮೆಷಿನ್ನೂ ಹೀಗೇ. ಜಾಸ್ತಿ ಬಿಗಿದಿದ್ರೆ ಮೊದಲ್ನೇ ಕುರಿಗೆ ಏನೂ ಗೊತ್ತಾಗಲ್ಲ. ಹತ್ತನೇ ಕುರಿ ಹೊತ್ತಿಗೆ ಕೈ ಸುಡುತ್ತೆ, ಕಚ್ಕೊಂಡು ನಿಂತ್ಬಿಡುತ್ತೆ."

"ಇದು ಕುರಿ ಅಲ್ಲ ಕಣೇ, ಕಾರು."

"ನಿಮ್ಮನ್ನೆಲ್ಲ ನೋಡಿದ್ರೆ ಕುರಿ ಯಾವ್ದು ಅಂತ ಗೊತ್ತಾಗುತ್ತೆ ಬಿಡು. ಒಬ್ಬ ಸೈನ್ ಹಾಕಿದ, ಉಳಿದೋರೆಲ್ಲ ಹಿಂದೇ ಹೋದ್ರಿ."

ಶೆಡ್‌ನ ಬಾಗಿಲು ಪೂರ್ತಿ ತೆರೆದು ಕಾದೆವು. ಕಾಲು ಗಂಟೆ, ಅರ್ಧ ಗಂಟೆ. ಎಂಜಿನ್ನಿನ ಬಿಸಿ ಮುಖಕ್ಕೆ ಬಡಿಯುತ್ತಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಸಣ್ಣಗೆ ಸುಂಯ್ ಎಂಬ ಸದ್ದು ಕೇಳತೊಡಗಿತು. ರಟ್ಟಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಕ್ಲ್ಯಾರಿ ಕಿವಿ ನಿಮಿರಿಸಿದ. ಹಳೆಯ ಅಭ್ಯಾಸ, ಯಾರೂ ಹೇಳದೆಯೇ ಸ್ಪ್ಯಾನರ್ ಎತ್ತಿಕೊಂಡು, ನಾಲ್ಕೂ ನಟ್ಟುಗಳನ್ನು ಹೆಗಲಿನ ಬಲವೆಲ್ಲ ಹಾಕಿ ಇನ್ನಷ್ಟು ಬಿಗಿದ. ಸದ್ದು ನಿಂತಿತು.

ನಾನು ಏನೋ ಹೇಳಲು ಬಾಯಿ ತೆರೆದೆ. ನೋಲೀನ್ ಕೈಯೆತ್ತಿ ನನ್ನನ್ನು ತಡೆದಳು.

"ಕ್ಲ್ಯಾರಿ, ಆವತ್ತೂ ಹೀಗೇ ಬಿಗಿದ್ಯಾ?"

"ಮತ್ತೆ? ಸೋರ್ತಿದ್ರೆ ಬಿಗೀದೆ ಮುತ್ತಿಡ್ಲಾ?"

"ಕೇಳಿಸ್ಕೊಂಡ್ರಲ್ಲ ಸಾರ್ಜೆಂಟ್?" ಎಂದು ಇನ್ನೂ ಹತ್ತು ನಿಮಿಷ ಎಂಜಿನ್ ಓಡಿಸಿ, ಪೆಡಲ್ ಅರ್ಧಕ್ಕೆ ತುಳಿದಳು.

ಎಂಜಿನ್ ಕೂಗಿಕೊಂಡಿತು. ಕೂಗುತ್ತಲೇ ಇತ್ತು. ಗೋಡೆಗೆ ನೇತುಹಾಕಿದ್ದ ಗರಗಸಗಳು ಗಲಗಲ ಅಂದವು. ಸಾರ್ಜೆಂಟ್ ಎರಡು ಹೆಜ್ಜೆ ಹಿಂದೆ ಹಾರಿದ. ನೋಲೀನ್ ಸೀಟಿನಲ್ಲೇ ಬಾಗಿಲ ಕಡೆಗೆ ತಿರುಗಿ, ಎರಡೂ ಕಾಲುಗಳನ್ನು ಗಾಡಿಯಿಂದ ಹೊರಗೆ ಚಾಚಿದಳು. ಕಂದು ಉಣ್ಣೆಯ ಕಾಲುಚೀಲ, ದಪ್ಪ ಅಟ್ಟೆಯ ಬೂಟು.

"ನನ್ನ ಕಾಲು ಇಲ್ಲಿದೆ ನೋಡ್ರೋ! ಎರಡೂ ಇಲ್ಲಿದೆ! ಎಣಿಸ್ಕೊಳ್ಳಿ! ಈಗ ಯಾರು ತುಳೀತಿರೋದು?"

ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಇಳಿದು ಗಾಡಿಯ ಮುಂದೆ ಬಂದು ಗಾಳಿ ಕೊಳವೆ ಬಿಚ್ಚಿ ಸಾರ್ಜೆಂಟ್‌ನನ್ನು ಬಗ್ಗಿಸಿ ತೋರಿಸಿದಳು. ಬಿಲ್ಲೆ ಅರ್ಧ ತೆರೆದು ಹಾಗೇ ನಿಂತಿತ್ತು, ಸ್ಪ್ರಿಂಗ್ ಎಳೆಯುತ್ತಿದ್ದರೂ.

"ಮುಟ್ಬೇಡಿ. ನೆವ್, ಬಾ ಇಲ್ಲಿ. ನಟ್ಟು ಸಡಿಲ ಮಾಡು. ನಿಧಾನ."

ಮೊದಲನೆಯ ನಟ್ಟಿಗೆ ನಾನು ಸ್ಪ್ಯಾನರ್ ಹಿಡಿದು ನೇತಾಡಬೇಕಾಯಿತು, ಅಷ್ಟು ಬಿಗಿ. ಸಡಿಲವಾಯಿತು, ಬಿಲ್ಲೆ ಅಲುಗಲಿಲ್ಲ. ಅದರ ಎದುರು ಮೂಲೆಯದನ್ನು ಅರ್ಧ ಸುತ್ತು ತಿರುಗಿಸಿದೆನಷ್ಟೆ, ಟಕ್ಕೆಂದು ಬಿಲ್ಲೆ ತಾನಾಗಿ ಮುಚ್ಚಿಕೊಂಡಿತು.

ಇದಕ್ಕಿಂತ ಹೆಚ್ಚು ವಿವರಣೆ ಯಾರಿಗೂ ಬೇಕಿರಲಿಲ್ಲ, ಆದರೂ ಅವಳು ಬಿಡಿಸಿ ಹೇಳಿದಳು. ಮೆತ್ತನೆಯ ರಟ್ಟಿನ ಮೇಲೆ ಹಾಗೆ ಬಿಗಿದರೆ ಬಾಡಿ ತಿರುಚಿಕೊಳ್ಳುತ್ತದೆ. ಎರಡು ಬುಷ್ ಒಂದೇ ನೇರಕ್ಕೆ ಇರುವುದಿಲ್ಲ. ಚೌಕಟ್ಟು ವಾಲಿದ ಬಾಗಿಲಿನ ಹಾಗೆ ಸರಳು ಬಿಗಿಯುತ್ತದೆ, ಬಿಸಿಯಾದರೆ ಕಚ್ಚಿಕೊಂಡೇ ಬಿಡುತ್ತದೆ. ಪರೀಕ್ಷೆ ಮಾಡಲೆಂದು ಬಿಚ್ಚಿದಾಗಲೆಲ್ಲ ತಿರುಚು ಹೋಗುತ್ತದೆ, ಬೆಂಚಿನ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಸಾರ್ಜೆಂಟ್ ಜೇಬಿನಿಂದ ಅವಳ ಮೇಲಿನ ಶಿಫಾರಸಿನ ಕಾಗದ ತೆಗೆದು ಅಡ್ಡಕ್ಕೆ ಹರಿದ. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಗೆದ್ದಾಗಿತ್ತು. ಆದರೆ ಗೆದ್ದ ಮೇಲೆ ಸುಮ್ಮನಿರುವ ಜಾತಿಯಲ್ಲ ಆ ಹೆಂಗಸು.

"ಒಂದು ಮಾತು ಕ್ಲ್ಯಾರಿ. ನಲವತ್ತು ವರ್ಷ ನಟ್ಟು ತಿರುವಿದೋನು ನೀನು. ಸಾಕು ಅಂತ ಬೆರಳಿಗೇ ಗೊತ್ತಾಗ್ಬೇಕಲ್ವಾ? ಯಾಕೆ ಗೊತ್ತಾಗ್ಲಿಲ್ಲ?" ಬಿಚ್ಚಿದ ನಟ್ಟಿನ ತೆಳುವಾದ ವಾಷರನ್ನು ಬೆಂಚಿನ ಮೇಲಿಟ್ಟಳು. "ಇದನ್ನ ಎತ್ಕೊ."

"ಹುಚ್ಚೇನೇ ನಿಂಗೆ?"

"ಎತ್ಕೊ ಅಂದೆ."

ಅವನು ಕೈ ಚಾಚಿದ. ಬೆರಳುಗಳು ವಾಷರಿನ ಮೇಲೆ ಕೂತವು, ಮುಚ್ಚಿಕೊಂಡವು, ಮೇಲೆ ಬಂದವು. ವಾಷರ್ ಬೆಂಚಿನ ಮೇಲೇ ಇತ್ತು. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಅದನ್ನು ಬೆಂಚಿನ ಅಂಚಿಗೆ ಜಾರಿಸಿ ಅಂಗೈಗೆ ಬೀಳಿಸಿಕೊಳ್ಳಲು ನೋಡಿದ. ನೆಲಕ್ಕೆ ಬಿದ್ದು ಉರುಳಿಹೋಯಿತು.

ನಮಗೆಲ್ಲ ಗೊತ್ತಿತ್ತು. ಎರಡು ವರ್ಷದಿಂದ ಅವನು ಚಹಾದ ಮಗ್ಗನ್ನು ಹಿಡಿ ಬಿಟ್ಟು ಎರಡೂ ಅಂಗೈ ನಡುವೆ ಒತ್ತಿ ಎತ್ತುತ್ತಿದ್ದ. ಮಗ್ಗು ಕೊಡುತ್ತಿದ್ದವನು ನಾನೇ. ಜೊತೆಯವನ ಮೇಲೆ ಚಾಡಿ ಹೇಳುವುದು ನಮ್ಮಲ್ಲಿ ಕೊಲೆಗಿಂತ ಕೆಟ್ಟದ್ದು, ಅದಕ್ಕೇ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದೆವು. ಅವಳ ಮೇಲೆ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಐದು ಸಹಿ ಬಿದ್ದಿತ್ತು.

ಸಾರ್ಜೆಂಟ್ ಮೆಲ್ಲಗೆ ಕೇಳಿದ, "ಮಿಸ್ಟರ್ ಪಾಸ್ಕೋ, ಇವತ್ತು ಇಲ್ಲಿಗೆ ಹೇಗೆ ಬಂದ್ರಿ?"

"ನನ್ನ ಗಾಡೀಲಿ," ಎಂದ ಕ್ಲ್ಯಾರಿ, ನೆಲ ನೋಡುತ್ತ.

ಸಾರ್ಜೆಂಟ್ ಫೈಲಿನಿಂದ ಇನ್ನೊಂದು ಖಾಲಿ ನಮೂನೆ ಹೊರತೆಗೆದ.

"ಸಾಕು ಬಿಡೇ ನೋಲೀನ್. ನೀನು ಬೇಡ ಅಂದ್ರೆ ಅವ್ರು ಬರೆಯಲ್ಲ," ಎಂದೆ ನಾನು, ಅವಳಿಗೆ ಮಾತ್ರ ಕೇಳುವ ಹಾಗೆ.

ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ನನ್ನ ಮೇಲೆ ಬರೆಯೋವಾಗ ಸಾಕು ಬಿಡಿ ಅಂತ ನಿಮ್ಮಲ್ಲಿ ಒಬ್ಬನಾದ್ರೂ ಅಂದ್ರಾ?"

ಸಾರ್ಜೆಂಟ್ ಬರೆದ.

ಗಾಡಿಗೆ ಅಂಗಡಿಯ ಗ್ಯಾಸ್ಕೆಟ್ ಬಂತು, ಮುಳ್ಳಿನ ಸ್ಪ್ಯಾನರ್ ಗೋಡೆಯಿಂದ ಇಳಿಯಿತು. ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ, ನಾಲ್ಕು ದಿನ ಪರೀಕ್ಷಿಸಿದೆವು; ಒಮ್ಮೆಯೂ ಅಂಟಲಿಲ್ಲ. ಕ್ಲ್ಯಾರಿಯನ್ನು ಪೇಟೆಯ ಡಾಕ್ಟರಿಗೆ ತೋರಿಸಲಾಯಿತು. ಸಕ್ಕರೆ ಕಾಯಿಲೆ ನರಗಳನ್ನು ತಿಂದಿತ್ತು, ಬೆರಳಿನಲ್ಲಿ ಮಾತ್ರವಲ್ಲ, ಪಾದಗಳಲ್ಲೂ. ಎಷ್ಟೋ ತಿಂಗಳಿಂದ ಪೆಡಲ್ ಯಾವುದೆಂದು ಕಾಲಿಗೆ ತಿಳಿಯದೆ ಅಂದಾಜಿನ ಮೇಲೆ ಓಡಿಸುತ್ತಿದ್ದನಂತೆ. ಚಳಿಗಾಲದೊಳಗೆ ಲೈಸೆನ್ಸ್ ಹೋಯಿತು. ಶೆಡ್‌ಗೆ ಕರೆದುಕೊಂಡು ಬರುತ್ತೇವೆಂದರೆ ಒಲ್ಲೆ ಎಂದ. ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು, ಒಲೆಯ ಗುಂಡಿ ತಿರುಗಿಸಲು ಬೆರಳು ಕೇಳುತ್ತಿರಲಿಲ್ಲ. ಊಟದ ಪಟ್ಟಿಯಲ್ಲಿ ಇಪ್ಪತ್ತನೆಯ ಮನೆಯಾಗಿ ಅವನ ಹೆಸರು ಬಂತು.

ಬೇರೆ ಯಾರಾದರೂ ಕೊಡಲಿ ಎಂದು ಆಸ್ಪತ್ರೆಯವರು ಸೂಚಿಸಿದರು. ನೋಲೀನ್ ಆಗಲ್ಲ ಎಂದಳು. ತಟ್ಟೆ ಹೊರಲು ಒಬ್ಬ ಜೊತೆಗಿರಬೇಕೆಂಬ ಹೊಸ ನಿಯಮ ಬಂದಿತ್ತು. ಸಹಿ ಹಾಕಿದ ತಪ್ಪಿಗೆ ಆ ಕೆಲಸ ನನ್ನ ತಲೆಗೆ ಕಟ್ಟಿದಳು.

ಮೊದಲ ಶುಕ್ರವಾರ ಕ್ಲ್ಯಾರಿಯ ಮನೆ ತಲುಪುವಾಗ ಒಂದೂವರೆ ಗಂಟೆ. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ನಾನು ತಟ್ಟೆಯ ಮುಚ್ಚಳ ತೆಗೆದೆ. ಕುರಿಮಾಂಸ, ಆಲೂಗಡ್ಡೆ, ಬಟಾಣಿ.

"ತಣ್ಣಗಾಗಿದೆ," ಎಂದ.

"ನಿಂದು ಕೊನೇ ಮನೆ," ಎಂದಳು ಬಾಗಿಲಲ್ಲಿ ನಿಂತ ನೋಲೀನ್.

"ಆಸ್ಪತ್ರೆ ಪಕ್ಕದಲ್ಲೇ ಇದೆ ನನ್ನ ಮನೆ. ಮೊದಲ್ನೇದು ಆಗ್ಬೇಕಿತ್ತು."

"ಗಾಡಿ ಚೆನ್ನಾಗಿ ಕಾದ ಮೇಲೆ ನಿನ್ನ ಮನೆಗೆ ಬರೋಣ ಅಂತ."

ಅವನು ತಟ್ಟೆ ನೋಡಿದ. ಮಾಂಸವನ್ನು ಮಕ್ಕಳಿಗೆ ಕತ್ತರಿಸಿದ ಹಾಗೆ ಸಣ್ಣ ಸಣ್ಣ ತುಂಡು ಮಾಡಲಾಗಿತ್ತು.

"ಯಾರು ಕತ್ತರಿಸಿದ್ದು ಇದನ್ನ?"

"ನಾನೇ. ನಿನ್ನ ಕೈಗೆ ಚಾಕು ಕೊಟ್ಟು ಇನ್ನೊಂದು ಕೇಸ್ ಯಾರಿಗೆ ಬೇಕು?"

ಅವನು ಒಂದು ಕೆಟ್ಟ ಮಾತು ಅಂದ. ಅವಳೂ ಒಂದು ಅಂದಳು, ಹೊರಗೆ ಹೋದಳು. ಗಾಡಿಯ ಬಾಗಿಲು ಹಾಕಿಕೊಂಡ ಸದ್ದಾಯಿತು. ನಾನು ಇನ್ನೂ ಅಡುಗೆಮನೆಯಲ್ಲೇ ಇದ್ದೆ. ಕಿಟಕಿಯ ಕೆಳಗೆ, ಸರಿಯಾಗಿ ಅವನ ಕಿವಿಯ ಹತ್ತಿರ, ಅವಳು ನಿಂತ ಗಾಡಿಯಲ್ಲೇ ಪೆಡಲನ್ನು ಪೂರ್ತಿ ತುಳಿದಳು. ಎಂಜಿನ್ ಕೂಗಿತು, ತಟ್ಟೆ ಅದುರಿತು. ಕಾಲೆತ್ತಿದಳು. ಎಂಜಿನ್ ಅದೇ ಕ್ಷಣ ಮೆತ್ತಗೆ ಇಳಿಯಿತು. ಮತ್ತೊಮ್ಮೆ ಏರಿಸಿ, ಮತ್ತೊಮ್ಮೆ ಇಳಿಸಿದಳು.

ಕ್ಲ್ಯಾರಿ ತಲೆ ಒಂದು ಕಡೆಗೆ ವಾಲಿಸಿ, ನಲವತ್ತು ವರ್ಷ ಗ್ಯಾರೇಜಿನಲ್ಲಿ ಕೇಳಿದ ಹಾಗೆ ಕೊನೆಯವರೆಗೂ ಕೇಳಿದ. ತಪ್ಪೇನೂ ಸಿಕ್ಕಲಿಲ್ಲ. ಆಮೇಲೆ ಚಮಚವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು, ತಣ್ಣಗಾದ ಮಾಂಸದ ಒಂದು ತುಂಡನ್ನು ಬಾಯಿಗಿಟ್ಟುಕೊಂಡ.